ಚರಂಡಿ ಕೆಸರಿಗೆ ಯಾರು ಗಿರಾಕಿ?

(ಬೆಂಗಳೂರಿನ ಒಂದು ಮನೆಯ ಹಜಾರ. ಚಿಕ್ಕಪ್ಪ ಒಳಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ ದುಡಿದು ನಿವೃತ್ತರಾದವರು. ಹುಡುಗಿ ನೆದರ್‌ಲೆಂಡ್ಸ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ, ರಜೆಗೆ ಬಂದಿದ್ದಾಳೆ.)

ಚಿಕ್ಕಪ್ಪ: ಚರಂಡಿ ಕೆಸರಿನಿಂದ ಪ್ಲಾಸ್ಟಿಕ್ ತೆಗೆಯೋದನ್ನ ಓದ್ತಿದ್ದೀಯಂತೆ. ನಿಮ್ಮಪ್ಪ ಹೇಳಿದಾಗ ನಕ್ಕುಬಿಟ್ಟೆ. ಪ್ಲಾಂಟಿನಲ್ಲಿ ನಮಗೆ ಪ್ರಾಣ ಹಿಂಡ್ತಿದ್ದದ್ದೇ ಪ್ಲಾಸ್ಟಿಕ್ಕು ಕಣಮ್ಮ. ಶಾಂಪೂ ಸ್ಯಾಷೆ, ಗುಟ್ಕಾ ಪೊಟ್ಟಣ, ಹಾಲಿನ ಕವರಿನ ಕತ್ತರಿಸಿದ ಮೂಲೆ. ಜಾಲರಿ ಇಟ್ಟರೂ ನುಸುಳಿ ಬಂದು ಪಂಪಿಗೆ ಸುತ್ತಿಕೊಳ್ಳೋದು. ನಾವು ಅದನ್ನ ಬಳಿದು ಎಸೆಯೋದು, ನೀವು ಮತ್ತೆ ಅದೇ ಕೆಸರಿನಿಂದ ಪ್ಲಾಸ್ಟಿಕ್ ಮಾಡೋದು?

ಹುಡುಗಿ: ಜಾಲರಿಗೆ ಸಿಕ್ಕೋದು ಪೆಟ್ರೋಲಿಯಂ ಪ್ಲಾಸ್ಟಿಕ್ಕು ಚಿಕ್ಕಪ್ಪ. ನಾನು ಹೇಳೋದು ನಿಮ್ಮ ಏರೇಷನ್ ಟ್ಯಾಂಕಿನ ಜೀವಾಣುಗಳ ಮೈಯೊಳಗೇ ಹುಟ್ಟೋದು. ಬ್ಲೋವರ್ ಹಾಕಿ ಗಾಳಿ ಊದಿ ಸಾಕಿದಿರಲ್ಲ, ಅವುಗಳಲ್ಲಿ ಎಷ್ಟೋ ಜಾತಿಗಳು ಹೆಚ್ಚಾದ ಆಹಾರವನ್ನ ಸಣ್ಣ ಸಣ್ಣ ಕಣಗಳಾಗಿ ಒಳಗೇ ಇಟ್ಟುಕೊಳ್ತವೆ. ಪಿಎಚ್‌ಎ ಅಂತೀವಿ. ಪೂರ್ತಿ ಹೆಸರು ಪಾಲಿಹೈಡ್ರಾಕ್ಸಿ ಆಲ್ಕನೋಯೇಟ್. ನೈಲ್ ಬ್ಲೂ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಕಪ್ಪು ಹಿನ್ನೆಲೆಯಲ್ಲಿ ಕಿತ್ತಳೆ ಚುಕ್ಕಿಗಳು ಹೊಳೀತಾವೆ. ಆ ಚುಕ್ಕಿಗಳನ್ನ ಹೊರಗೆ ತೆಗೆದು, ಒಣಗಿಸಿ, ಕರಗಿಸಿ ಅಚ್ಚಿಗೆ ಹೊಯ್ದರೆ ಪ್ಲಾಸ್ಟಿಕ್ಕು. ಮಣ್ಣಿಗೆ ಬಿದ್ದರೆ ಬೇರೆ ಜೀವಾಣುಗಳು ಬಂದು ತಿಂದು ಮುಗಿಸ್ತವೆ. ಎಷ್ಟಾದ್ರೂ ಅವುಗಳ ಊಟವೇ ತಾನೆ.

ಚಿಕ್ಕಪ್ಪ: ಹೊಸ ಸಂಶೋಧನೆಯಾ?

ಹುಡುಗಿ: ನೂರು ವರ್ಷ ಹಳೇದು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಮೊರೀಸ್ ಲೆಮ್ವಾನ್ 1926ರಲ್ಲಿ ಒಂದು ಮಣ್ಣಿನ ಜೀವಾಣುವಿನಲ್ಲಿ ಗುರುತಿಸಿದ್ದು. 1980ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಬಯೋಪಾಲ್ ಅಂತ ಹೆಸರಿಟ್ಟು ಮಾರುಕಟ್ಟೆಗೆ ತಂತು. 1990ರಲ್ಲಿ ಜರ್ಮನಿಯ ಅಂಗಡಿಗಳಲ್ಲಿ ವೆಲ್ಲಾ ಶಾಂಪೂ ಆ ಪ್ಲಾಸ್ಟಿಕ್ಕಿನ ಬಾಟಲಿಯಲ್ಲೇ ಬರ್ತಿತ್ತು. ಆದರೆ ಬೆಲೆ ಮಾಮೂಲಿ ಪ್ಲಾಸ್ಟಿಕ್ಕಿನ ಹತ್ತಾರು ಪಟ್ಟು. ವ್ಯವಹಾರ ಐಸಿಐಯಿಂದ ಜೆನೆಕಾಗೆ, ಅಲ್ಲಿಂದ ಮೊನ್ಸಾಂಟೊಗೆ, ಅಲ್ಲಿಂದ ಮೆಟಬಾಲಿಕ್ಸ್‌ಗೆ ಅಂತ ಕೈ ಬದಲಾಯಿಸ್ತಲೇ ಹೋಯ್ತು. ಯಾರ ಕೈಯಲ್ಲೂ ನಿಲ್ಲಲಿಲ್ಲ.

ಚಿಕ್ಕಪ್ಪ: ಅವರು ಜೀವಾಣುವಿಗೆ ಏನು ಹಾಕ್ತಿದ್ದರು?

ಹುಡುಗಿ: ಸಕ್ಕರೆ. ಕಿಲೋ ಪ್ಲಾಸ್ಟಿಕ್ಕಿಗೆ ಹೆಚ್ಚುಕಡಿಮೆ ಮೂರು ಕಿಲೋ ಸಕ್ಕರೆ.

ಚಿಕ್ಕಪ್ಪ: ಸರಿಹೋಯ್ತು! ಮನುಷ್ಯ ತಿನ್ನೋದನ್ನ ಸುರಿದು ಬಾಟಲಿ ಮಾಡಿದ್ರೆ ಯಾವನು ಕೊಳ್ತಾನೆ.

ಹುಡುಗಿ: ಅದೊಂದೇ ಅಲ್ಲ. ಅವರದು ಒಂದೇ ಜಾತಿಯ ಜೀವಾಣು. ಇನ್ನೊಂದು ಜಾತಿ ಒಳಗೆ ಬಂದರೆ ಕೆಲಸ ಕೆಟ್ಟಿತು. ಟ್ಯಾಂಕು, ಪೈಪು, ಊದೋ ಗಾಳಿ ಎಲ್ಲವನ್ನೂ ಕ್ರಿಮಿಶುದ್ಧ ಮಾಡಬೇಕು. ಕೆಸರಿನಲ್ಲಿ ಆ ಎರಡು ಖರ್ಚೂ ಇಲ್ಲ. ಚರಂಡಿ ಕೆಸರಿನೊಳಗೆ ಈ ಪದಾರ್ಥ ಇದೆ ಅಂತ ಅಮೆರಿಕದ ವಾಲೆನ್ ಮತ್ತು ರೋವೆಡರ್ ಅನ್ನೋರು 1974ರಲ್ಲೇ ತೋರಿಸಿದ್ರು.

ಚಿಕ್ಕಪ್ಪ: ಬಾಯಿ ತೆರೆದ ಟ್ಯಾಂಕು. ಮಳೆ ಬಂದರೆ ಮಳೆ, ಧೂಳು ಬಂದರೆ ಧೂಳು. ಅದರೊಳಗೆ ನಿನಗೆ ಬೇಕಾದ ಜೀವಾಣುವೇ ಬೆಳೀಬೇಕು ಅಂತ ಹೇಳೋರು ಯಾರು?

ಹುಡುಗಿ: ಹಸಿವು ಹೇಳುತ್ತೆ. ಅಜ್ಜಿ ಮನೆ ಹಗೇವಿನ ಕತೆ ನೀವೇ ಹೇಳಿದ್ದು. ಸುಗ್ಗಿಯಲ್ಲಿ ನೆಲದೊಳಗಿನ ಹಗೇವಿಗೆ ರಾಗಿ ತುಂಬಿ ಮಣ್ಣು ಮುಚ್ಚಿಟ್ಟವರು ಬರದಲ್ಲೂ ಉಳಿದ್ರು ಅಂತ. ಇಲ್ಲೂ ಅಷ್ಟೆ. ಟ್ಯಾಂಕಿಗೆ ಆಹಾರವನ್ನ ಒಂದೇ ಸಲ ಸುರಿದುಬಿಡೋದು. ಸ್ವಲ್ಪ ಹೊತ್ತಿನಲ್ಲಿ ಅದು ಖಾಲಿ. ಆಮೇಲೆ ಗಂಟೆಗಟ್ಟಲೆ ಉಪವಾಸ. ಸಿಕ್ಕಿದ್ದನ್ನೆಲ್ಲ ಮೈ ಬೆಳೆಸೋಕೆ ಖರ್ಚು ಮಾಡಿದ ಜಾತಿಗಳು ಉಪವಾಸದಲ್ಲಿ ಸೊರಗ್ತವೆ. ಒಳಗೆ ಕೂಡಿಟ್ಟುಕೊಂಡವು ಆ ಸರಕನ್ನೇ ತಿಂದು ಬೆಳೀತವೆ. ಇದನ್ನೇ ದಿನಾ ಮಾಡ್ತಾ ಹೋದರೆ ಕೆಲವು ವಾರದಲ್ಲಿ ಟ್ಯಾಂಕೆಲ್ಲ ಕೂಡಿಡೋರದ್ದೇ ಆಗುತ್ತೆ. ಹೊರಗಿನಿಂದ ಜೀವಾಣು ತರೋದೇನೂ ಬೇಡ.

ಚಿಕ್ಕಪ್ಪ: ಎಸ್‌ಬಿಆರ್ ಪ್ಲಾಂಟುಗಳಲ್ಲಿ ನಡೆಯೋದು ಹೆಚ್ಚುಕಡಿಮೆ ಅದೇ. ತುಂಬೋದು, ಗಾಳಿ ಊದೋದು, ಕೆಸರು ಕೂರೋಕೆ ಬಿಡೋದು, ಮೇಲಿನ ತಿಳಿ ತೆಗೆಯೋದು, ಮತ್ತೆ ತುಂಬೋದು.

ಹುಡುಗಿ: ಹೂಂ, ಪ್ರಯೋಗಾಲಯದಲ್ಲಿ ಬಳಸೋದೂ ಎಸ್‌ಬಿಆರನ್ನೇ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಮಾರ್ಕ್ ಫಾನ್ ಲೂಸ್‌ಡ್ರೆಕ್ಟ್ ಅವರ ತಂಡ ಹೀಗೆ ಹಸಿವಿಗೆ ಒಡ್ಡಿ ಒಂದು ಜೀವಾಣುವನ್ನ ಮೇಲೆ ತಂತು. ಎಂಟು ಗಂಟೆಯೊಳಗೆ ಅದರ ಒಣತೂಕದ ಶೇ. 90ರ ಹತ್ತಿರ ಪ್ಲಾಸ್ಟಿಕ್ಕೇ ಆಗಿರುತ್ತೆ.

ಚಿಕ್ಕಪ್ಪ: ಪ್ರಯೋಗಾಲಯದ ಮಾತು ಬಿಡು. ಅಲ್ಲಿ ನೀವು ಊಟಕ್ಕೆ ಇಡೋದು ಬಾಟಲಿಯಲ್ಲಿ ಬಂದ ಶುದ್ಧ ಆಮ್ಲ. ನಿಜವಾದ ಚರಂಡಿ ನೀರಿನಲ್ಲಿ ಮಾಡಿದವರಿದ್ದಾರಾ?

ಹುಡುಗಿ: ಇದ್ದಾರೆ. ನೆದರ್‌ಲೆಂಡ್ಸ್‌ನ ನೈಋತ್ಯ ಮೂಲೆಯಲ್ಲಿ ಬಾಥ್ ಅಂತ ಒಂದೂರು. ಅಲ್ಲಿನ ಊರ ಚರಂಡಿ ಪ್ಲಾಂಟಿನ ಹೆಚ್ಚುವರಿ ಕೆಸರನ್ನೇ ತಗೊಂಡು ಫಾರಿಯೊ ಅನ್ನೋ ಯೋಜನೆಯಲ್ಲಿ ತಿಂಗಳುಗಟ್ಟಲೆ ನಡೆಸಿದ್ರು. ಶೇ. 90 ಬರಲಿಲ್ಲ, ನಲವತ್ತರ ಆಸುಪಾಸು ಬಂತು. ನನಗೆ ಆ ತೊಂಬತ್ತಕ್ಕಿಂತ ಈ ನಲವತ್ತೇ ದೊಡ್ಡದು. ಬ್ರಸೆಲ್ಸ್‌ನಲ್ಲೂ ಪೈಲಟ್ ಮಾಡಿದ್ದಾರೆ. ನಮ್ಮಲ್ಲೂ ನಾಗಪುರದ ನೀರಿ, ಹೈದರಾಬಾದಿನ ಐಐಸಿಟಿ ಸಂಶೋಧನಾ ಸಂಸ್ಥೆಗಳು ತ್ಯಾಜ್ಯದಿಂದ ಇದನ್ನ ಮಾಡೋ ಕೆಲಸ ಮಾಡಿವೆ. ಮೈಸೂರಿನ ಸಿಎಫ್‌ಟಿಆರ್‌ಐ ಇದನ್ನ ಕೂಡಿಡೋ ಜೀವಾಣುಗಳ ಮೇಲೆ ಕೆಲಸ ಮಾಡಿದೆ.

ಚಿಕ್ಕಪ್ಪ: ಆಹಾರ ಒಂದೇ ಸಲ ಸುರಿಯೋದು ಅಂದೆ. ಏನದು ಆಹಾರ? ನಮ್ಮಲ್ಲಿಗೆ ಬರೋ ನೀರು ಸ್ನಾನದ ನೀರು, ಮಳೆ ನೀರು ಎಲ್ಲ ಸೇರಿ ತೆಳ್ಳಗಿರುತ್ತೆ.

ಹುಡುಗಿ: ಅದಕ್ಕೇ ಪ್ರೈಮರಿ ಟ್ಯಾಂಕಿನ ತಳದಲ್ಲಿ ಕೂತ ಗಟ್ಟಿ ಕೆಸರು ಬೇಕು. ಅದನ್ನ ಗಾಳಿಯಿಲ್ಲದ ಟ್ಯಾಂಕಿನಲ್ಲಿ ಕೊಳೆಸಿದ್ರೆ ಮೊದಲು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗ್ತವೆ, ಆಮೇಲೆ ಗ್ಯಾಸು. ನಾವು ಆಮ್ಲದ ಹಂತದಲ್ಲೇ ನಿಲ್ಲಿಸಿಬಿಡ್ತೀವಿ.

ಚಿಕ್ಕಪ್ಪ: ಅಯ್ಯೋ, ಗ್ಯಾಸು ಮಾಡೋ ಡೈಜೆಸ್ಟರ್ ಹುಳಿ ಹಿಡಿಯೋದು ಅಂತೀವಲ್ಲ, ಅದು! ಹುಳಿ ಹಿಡೀತು ಅಂದ್ರೆ ನಮಗೆ ನಿದ್ದೆ ಇರ್ತಿರಲಿಲ್ಲ. ಗ್ಯಾಸು ಇಳಿದುಹೋಗೋದು, ಕೆಟ್ಟ ವಾಸನೆ, ಮೂಟೆ ಮೂಟೆ ಸುಣ್ಣ ಕಲಸಿ ಹೊಯ್ಯಬೇಕಿತ್ತು. ನಾವು ತಪ್ಪಿಸೋಕೆ ಒದ್ದಾಡ್ತಿದ್ದದ್ದನ್ನ ನೀವು ಬೇಕು ಅಂತ ಮಾಡ್ತೀರಿ.

ಹುಡುಗಿ: ಬೇಕು ಅಂತಲೇ. ಪ್ರೊಪಿಯಾನಿಕ್ ಸೇರಿದ್ದರೆ ಇನ್ನೂ ಒಳ್ಳೇದು. ಬರೀ ಅಸಿಟಿಕ್ ತಿನ್ನಿಸಿದ್ರೆ ಬರೋ ಪ್ಲಾಸ್ಟಿಕ್ಕು ಲಟಕ್ಕನೆ ಮುರಿಯುತ್ತೆ, ಪ್ರೊಪಿಯಾನಿಕ್ ಇದ್ದರೆ ಸ್ವಲ್ಪ ಬಾಗುತ್ತೆ. ಐಸಿಐಯವರು ಅದನ್ನ ಕೊಂಡು ತಂದು ಸೇರಿಸ್ತಿದ್ದರು. ಕೆಸರು ಕೊಳೆತರೆ ತಾನಾಗೇ ಬರುತ್ತೆ.

ಚಿಕ್ಕಪ್ಪ: ಸರಿ. ಆದರೆ ಆಮ್ಲ ಎಲ್ಲ ನೀನು ತಗೊಂಡರೆ ಗ್ಯಾಸು ಎಲ್ಲಿಂದ ಬರಬೇಕು? ಗ್ಯಾಸಿನಿಂದ ಎಂಜಿನ್ ಓಡಿಸಿ ಬ್ಲೋವರ್‌ಗೆ ಕರೆಂಟು ಕೊಡೋ ಪ್ಲಾಂಟುಗಳಿವೆ. ಅವರಿಗೆ ಏನು ಹೇಳ್ತೀಯ?

ಹುಡುಗಿ: ಲೆಕ್ಕ ಹಾಕೋಣ. ಕಿಲೋ ಪಿಎಚ್‌ಎಗೆ ಆಮ್ಲಜನಕದ ಲೆಕ್ಕದಲ್ಲಿ, ಅಂದ್ರೆ ಸಿಒಡಿಯಲ್ಲಿ, ಎರಡೂವರೆ ಕಿಲೋ ಆಮ್ಲ ಬೇಕು ಅಂತಿಟ್ಟುಕೊಳ್ಳಿ. ಕಿಲೋ ಸಿಒಡಿ ಕೊಳೆತರೆ 0.35 ಘನ ಮೀಟರ್ ಮೀಥೇನು. ಅಲ್ಲಿಗೆ ಹೆಚ್ಚುಕಡಿಮೆ 0.9 ಘನ ಮೀಟರ್ ಗ್ಯಾಸು ಬಿಟ್ಟುಕೊಟ್ಟ ಹಾಗೆ. ಎಂಜಿನ್ನಿಗೆ ಹಾಕಿದ್ರೆ ಮೂರು ಯೂನಿಟ್ ಕರೆಂಟು.

ಚಿಕ್ಕಪ್ಪ: ಮೂರು ಯೂನಿಟ್ಟಿಗೆ ಒಂದು ಕಿಲೋ ಪ್ಲಾಸ್ಟಿಕ್ಕು. ಪೇಪರಿನ ಮೇಲೆ ಲಾಭವೇ ಕಾಣುತ್ತೆ. ಆದರೆ ಗ್ಯಾಸು ಮೇಲೆ ಬಂದು ತಾನಾಗೇ ಪೈಪಿಗೆ ಹೋಗುತ್ತೆ. ನಿನ್ನ ಪ್ಲಾಸ್ಟಿಕ್ಕು ಜೀವಾಣುವಿನ ಹೊಟ್ಟೆಯೊಳಗೆ ಕೂತಿದೆ. ಅದನ್ನ ಹೊರಗೆ ತೆಗೆಯೋ ಖರ್ಚು ಹೇಳು.

ಹುಡುಗಿ: ಅಲ್ಲೇ ಎಲ್ಲರೂ ಎಡವೋದು. ಲ್ಯಾಬಿನಲ್ಲಿ ಕ್ಲೋರೋಫಾರ್ಮ್ ಹಾಕಿದ್ರೆ ಚೆನ್ನಾಗಿ ಕರಗಿ ಬರುತ್ತೆ, ಆದರೆ ಟನ್‌ಗಟ್ಟಲೆ ಕ್ಲೋರೋಫಾರ್ಮ್ ಇಟ್ಟುಕೊಂಡು ಪರಿಸರ ಉಳಿಸ್ತೀವಿ ಅನ್ನೋಕಾಗಲ್ಲ. ಬಿಸಿ ಬ್ಯುಟನಾಲ್, ಡೈಮೀಥೈಲ್ ಕಾರ್ಬೊನೇಟ್ ಥರದ ದ್ರಾವಕಗಳನ್ನ ಬಳಸೋಕೆ ನೋಡ್ತಿದ್ದಾರೆ. ಅದಕ್ಕೆ ಮೊದಲು ಕೆಸರು ಒಣಗಬೇಕು. ನಿಮಗೇ ಗೊತ್ತು, ಸೆಂಟ್ರಿಫ್ಯೂಜ್ ಹಾಕಿದ್ರೂ ಮುಕ್ಕಾಲು ಪಾಲು ನೀರೇ.

ಚಿಕ್ಕಪ್ಪ: ಡ್ರೈಯಿಂಗ್ ಬೆಡ್ಡಿಗೆ ಹಾಕು. ನಮ್ಮ ಬಿಸಿಲು ನೆದರ್‌ಲೆಂಡಿನಲ್ಲಿ ಸಿಗುತ್ತಾ? ನನಗೆ ಪ್ಲಾಂಟಿನಲ್ಲಿ ತುಂಬ ಹಿಡಿಸ್ತಿದ್ದ ಜಾಗ ಅದು. ಮರಳಿನ ಮೇಲೆ ಕೆಸರು ಹರಡಿದ್ರೆ ಮೊದಲ ದಿನ ಕಪ್ಪಗೆ ಥಳಥಳ ಅನ್ನುತ್ತೆ. ಆಮೇಲೆ ಮೇಲ್ಪದರ ಬೂದಿ ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟು, ಹೆಂಟೆ ಹೆಂಟೆಯಾಗಿ ಮೂಲೆಗಳು ಮೇಲಕ್ಕೆ ಮಡಚಿಕೊಳ್ತವೆ. ಆ ಬಿರುಕುಗಳಲ್ಲಿ ಟೊಮೆಟೊ ಗಿಡ ಹುಟ್ಟೋದು ನೋಡಬೇಕಿತ್ತು ನೀನು. ಇಡೀ ಊರು ತಿಂದ ಟೊಮೆಟೊ ಬೀಜ ಹೊಟ್ಟೆ, ಪೈಪು, ಪಂಪು ಎಲ್ಲ ದಾಟಿ ಬಂದು ಮೊಳೆಯೋದು. ಯಾರೂ ನೆಡದ ತೋಟ. ಹಣ್ಣು ಕಿತ್ತು ತಿನ್ನೋ ಧೈರ್ಯ ಮಾತ್ರ ನಮಗ್ಯಾರಿಗೂ ಇರಲಿಲ್ಲ.

ಹುಡುಗಿ: ಬೆಡ್ಡಿನಲ್ಲಿ ಒಣಗೋಕೆ ದಿನಗಟ್ಟಲೆ ಹಿಡಿಯುತ್ತಲ್ಲ ಚಿಕ್ಕಪ್ಪ. ಅಷ್ಟರಲ್ಲಿ ಜೀವಾಣುಗಳು ತಾವು ಕೂಡಿಟ್ಟದ್ದನ್ನ ತಾವೇ ತಿಂದುಬಿಡ್ತವೆ. ತುಂಬಿದ ತಕ್ಷಣ ಆಮ್ಲ ಹಾಕಿ ಕೊಲ್ಲಬೇಕು, ಕೂಡಲೇ ಒಣಗಿಸಬೇಕು. ಬಿಸಿಯೂ ಹದವಾಗಿರಬೇಕು. ಈ ಪ್ಲಾಸ್ಟಿಕ್ಕು 175 ಡಿಗ್ರಿಯ ಹತ್ತಿರ ಕರಗುತ್ತೆ, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಕೆಟ್ಟೇ ಹೋಗುತ್ತೆ.

ಚಿಕ್ಕಪ್ಪ: ಇಷ್ಟೆಲ್ಲ ತಾಪತ್ರಯ ಪಟ್ಟುಕೊಂಡು ಆ ಡಚ್ಚರು ಯಾಕೆ ಮಾಡ್ತಾರೆ? ಅವರೇನು ದುಡ್ಡಿನ ವಿಷಯದಲ್ಲಿ ದಡ್ಡರಲ್ಲ.

ಹುಡುಗಿ: ಅವರು ಕೆಸರನ್ನ ಸುಡ್ತಾರೆ. 1990ರ ದಶಕದಲ್ಲಿ ಲೋಹಗಳ ಮಿತಿ ಬಿಗಿ ಮಾಡಿದ ಮೇಲೆ ಅಲ್ಲಿ ಹೊಲಕ್ಕೆ ಹಾಕೋದು ಹೆಚ್ಚುಕಡಿಮೆ ನಿಂತೇಹೋಯ್ತು. ಪ್ರತಿ ಟನ್ನು ಸುಡೋಕೂ ಜಲಮಂಡಳಿಗಳು ದುಡ್ಡು ತೆರಬೇಕು. ಕೆಸರು ಎಷ್ಟು ಕಡಿಮೆಯಾಗುತ್ತೋ ಅಷ್ಟು ಉಳಿತಾಯ. ಡಾರ್ಡ್ರೆಕ್ಟ್ ಊರಿನಲ್ಲಿ ಈ ಪ್ಲಾಸ್ಟಿಕ್ಕಿನ ಪ್ರಾತ್ಯಕ್ಷಿಕೆ ಘಟಕ ಇಟ್ಟಿರೋದು ಕೆಸರು ಸುಡೋ ಕಾರ್ಖಾನೆಯ ಆವರಣದಲ್ಲೇ.

ಚಿಕ್ಕಪ್ಪ: ಹಾಗೆ ಹೇಳು ಮತ್ತೆ. ಇದು ಪ್ಲಾಸ್ಟಿಕ್ಕಿಗೆ ಮದ್ದಲ್ಲ, ಕೆಸರಿಗೆ ಮದ್ದು. ನಾನಿದ್ದ ಪ್ಲಾಂಟಿನಲ್ಲಿ ಕೆಸರು ಒಣಗೋದೇ ತಡ, ರೈತರು ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋಗ್ತಿದ್ದರು. ಸುಡೋ ಖರ್ಚೇ ಇಲ್ಲದ ಕಡೆ ನಿನ್ನ ಲೆಕ್ಕದ ಅರ್ಧ ಲಾಭ ಹಾರಿಹೋಯ್ತು.

ಹುಡುಗಿ: ಒಪ್ಪಿದೆ. ಪ್ಲಾಸ್ಟಿಕ್ಕಿನ ಕಡೆಯಿಂದ ನೋಡಿದ್ರೂ ಹಾಗೇ. ಒಬ್ಬ ಮನುಷ್ಯನಿಂದ ದಿನಕ್ಕೆ 45 ಗ್ರಾಂ ಬಿಒಡಿ, ಅಂದ್ರೆ ಜೀವಾಣು ತಿನ್ನಬಲ್ಲ ಕೊಳೆ, ಅಂತ ನೀವೆಲ್ಲ ಹಿಡೀತಿದ್ದಿರಿ. ಅದರಿಂದ ಬರೋ ಕೆಸರು, ಅದರಿಂದ ಆಮ್ಲ, ಅದರಿಂದ ಪಿಎಚ್‌ಎ ಅಂತ ಸೋರಿ ಸೋರಿ ಕೊನೆಗೆ ತಲೆಗೆ ವರ್ಷಕ್ಕೆ ಕಿಲೋ ಎರಡು ಕಿಲೋ ಸಿಕ್ಕರೆ ಹೆಚ್ಚು. ಇದು ನನ್ನದೇ ಅಂದಾಜು. ಊರು ಬಳಸೋ ಪ್ಲಾಸ್ಟಿಕ್ಕಿಗೆ ಇದು ಯಾವ ಮೂಲೆಗೂ ಸಾಲಲ್ಲ.

ಚಿಕ್ಕಪ್ಪ: ಇನ್ನೊಂದು ಮಾತು. ಕೆಸರಿನ ಜೀವಾಣುಗಳಿಗೆ ಗಾಳಿ ಊದಿ ನೀರು ಶುದ್ಧ ಮಾಡೋ ಈ ಆಕ್ಟಿವೇಟೆಡ್ ಸ್ಲಡ್ಜ್ ಪದ್ಧತಿಗೂ ಬೆಂಗಳೂರಿಗೂ ನಂಟಿದೆ, ಗೊತ್ತಾ? ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಇದನ್ನ ಪ್ರಕಟಿಸಿದ್ದು. ಬಾಟಲಿಯಲ್ಲಿ ಚರಂಡಿ ನೀರು ತುಂಬಿ, ಪಾಚಿ ಬೆಳೀದ ಹಾಗೆ ಕಂದು ಕಾಗದ ಸುತ್ತಿ, ಗಾಳಿ ಊದ್ತಿದ್ದರಂತೆ. ತಿಳಿ ಚೆಲ್ಲಿ ತಳದ ಕೆಸರನ್ನ ಉಳಿಸಿಕೊಳ್ಳೋದು, ಮತ್ತೆ ಹೊಸ ನೀರು ತುಂಬೋದು. ಹೀಗೆ ಮಾಡ್ತಾ ಹೋದರೆ ವಾರಗಟ್ಟಲೆ ಹಿಡಿಯೋ ಕೆಲಸ ಕೆಲವೇ ಗಂಟೆಗೆ ಬಂತು. ಅವರಿಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಆ ಫೌಲರ್ 1916ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅದೇ ಈಗಿನ ಐಐಎಸ್‌ಸಿಗೆ, ಪ್ರೊಫೆಸರ್ ಆಗಿ ಬಂದ್ರು.

ಹುಡುಗಿ: ಡೆಲ್ಫ್ಟ್‌ನಲ್ಲಿ ಫೌಲರ್ ಹೆಸರು ಕೇಳಿದ್ದೆ. ಇಲ್ಲಿಗೆ ಬಂದಿದ್ದರು ಅಂತ ಯಾರೂ ಹೇಳಲಿಲ್ಲ.

ಚಿಕ್ಕಪ್ಪ: ಅವರಿಗೆ ಹಿಡಿದ ಹುಚ್ಚು ಸಾರಜನಕದ್ದು. ಹೊಲದಿಂದ ಊರಿಗೆ ಬಂದ ಸಾರಜನಕ ಹೊಲಕ್ಕೇ ವಾಪಸ್ ಹೋಗಬೇಕು ಅಂತ. ಅದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನೀನು ಕೆಸರಿನ ಸಾರ ಹೀರಿಕೊಂಡರೆ ರೈತನಿಗೆ ಏನು ಉಳೀತು?

ಹುಡುಗಿ: ಸಾರಜನಕ ಉಳಿಯುತ್ತೆ! ಪಿಎಚ್‌ಎಯಲ್ಲಿ ಇರೋದು ಇಂಗಾಲ, ಜಲಜನಕ, ಆಮ್ಲಜನಕ ಅಷ್ಟೆ. ಸಾರಜನಕ, ರಂಜಕ ಎರಡನ್ನೂ ಅದು ಮುಟ್ಟೋದೇ ಇಲ್ಲ. ಅವು ಬಹುಪಾಲು ಉಳಿದ ಚರಟದಲ್ಲೇ ಇರ್ತವೆ.

ಚಿಕ್ಕಪ್ಪ: ಲೋಹ?

ಹುಡುಗಿ: ಅದೂ ಬಹುಪಾಲು ಚರಟದಲ್ಲೇ.

ಚಿಕ್ಕಪ್ಪ: ನಿಲ್ಲು ನಿಲ್ಲು. ಅಂದ್ರೆ ಇಂಗಾಲ ತೆಗೆದು ತೂಕ ಇಳಿಸಿದ ಮೇಲೆ ಕಿಲೋ ಲೆಕ್ಕದಲ್ಲಿ ಲೋಹ ಇನ್ನೂ ಗಟ್ಟಿಯಾಯ್ತು. ಪೀಣ್ಯದ ಕಡೆಯ ಲೋಹ ಲೇಪನ ಘಟಕಗಳ ನೀರು ಸೇರೋ ವೃಷಭಾವತಿ ಕಣಿವೆಯಂಥ ಕಡೆ ಕ್ರೋಮಿಯಂ, ನಿಕ್ಕಲ್ ಎಲ್ಲ ಕೆಸರಿಗೆ ಇಳಿದಿರುತ್ತೆ. ಪ್ಲಾಸ್ಟಿಕ್ಕು ಶುದ್ಧವಾಗಿ ನಿನ್ನ ಕಡೆ, ಉಳಿದದ್ದು ರೈತನ ಕಡೆ.

ಹುಡುಗಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಚಿಕ್ಕಪ್ಪ. ಡಚ್ಚರು ಚರಟವನ್ನೂ ಸುಡ್ತಾರೆ, ಹಾಗಾಗಿ ಅವರು ಈ ಪ್ರಶ್ನೆ ಕೇಳಿಕೊಳ್ಳೋದೇ ಇಲ್ಲ. ಇಲ್ಲಿ ಮಾಡೋದಾದ್ರೆ ಕಾರ್ಖಾನೆ ನೀರು ಸೇರದ, ಬರೀ ಮನೆಗಳ ನೀರು ಬರೋ ಪ್ಲಾಂಟು ಹುಡುಕಬೇಕು.

ಚಿಕ್ಕಪ್ಪ: ಹುಡುಕಿದ್ರೆ ಸಿಗುತ್ತೆ. ಆದರೆ ಹೊಸ ಪ್ಲಾಂಟುಗಳಲ್ಲಿ ಎಷ್ಟೋ ಕಡೆ ಪ್ರೈಮರಿ ಟ್ಯಾಂಕೇ ಇಲ್ಲ. ಎಕ್ಸ್‌ಟೆಂಡೆಡ್ ಏರೇಷನ್ ಅಂತ ವಾರಗಟ್ಟಲೆ ಗಾಳಿ ಊದಿ ಊದಿ ಕೆಸರನ್ನ ಅಲ್ಲೇ ಸೊರಗಿಸ್ತಾರೆ. ಅದರಲ್ಲಿ ನಿನಗೆ ಆಮ್ಲ ಕೊಡೋ ತಿರುಳೇ ಉಳಿದಿರಲ್ಲ. ಜೀವಾಣು ಒಂದು ಕಡೆಯಿಂದ, ಆಹಾರ ಇನ್ನೊಂದು ಕಡೆಯಿಂದ ತರಬೇಕು.

ಹುಡುಗಿ: ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಗಳ ನೀರು ಇದೆಯಲ್ಲ.

ಚಿಕ್ಕಪ್ಪ: ಕಬ್ಬು ಅರೆಯೋ ತಿಂಗಳು ಮುಗಿದ ಮೇಲೆ ನಿನ್ನ ಜೀವಾಣುಗಳು ಏನು ತಿನ್ನಬೇಕು? ಹಾಲಿನ ಡೇರಿ ನೋಡು, ವರ್ಷವೆಲ್ಲ ಒಂದೇ ಸಮ ಬರುತ್ತೆ. ಅದೆಲ್ಲ ಆಮೇಲಿನ ಮಾತು. ಮೊದಲು ಇದನ್ನ ಕೊಳ್ಳೋನು ಯಾರು ಹೇಳು. ಚರಂಡಿಯಿಂದ ಬಂದ ಚೀಲದಲ್ಲಿ ನಿಮ್ಮ ಚಿಕ್ಕಮ್ಮ ಸೊಪ್ಪು ತರ್ತಾಳೆ ಅಂದುಕೊಂಡಿದ್ದೀಯಾ?

ಹುಡುಗಿ: ಚೀಲ ಬೇಡವೇ ಬೇಡ. ‘ನಾನು ಪ್ಲಾಸ್ಟಿಕ್ ಅಲ್ಲ’ ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡ ಚೀಲ ಈಗಾಗಲೇ ಅಂಗಡಿಗಳಲ್ಲಿ ಬೇಕಾದಷ್ಟಿದೆ. ಅಂಥವುಗಳಲ್ಲಿ ಬೆರೆಸೋ ಪಿಎಲ್‌ಎ ಅನ್ನೋ ಇನ್ನೊಂದು ಜೈವಿಕ ಪ್ಲಾಸ್ಟಿಕ್ಕು ಸರಿಯಾಗಿ ಕರಗಬೇಕಾದ್ರೆ 60 ಡಿಗ್ರಿ ಬಿಸಿ ಇರೋ ಗೊಬ್ಬರದ ಘಟಕ ಬೇಕು, ರಸ್ತೆ ಬದಿಯಲ್ಲಿ ಆಗಲ್ಲ. ಚೀಲದ ಸಮಸ್ಯೆಗೆ ಬಟ್ಟೆ ಚೀಲ ಸಾಕು. 2008ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಮೈಕ್ರೊಮಿಡಾಸ್ ಅಂತ ಒಂದು ಕಂಪನಿ ಇದೇ ಚರಂಡಿ ಕೆಸರಿನ ಪ್ಲಾಸ್ಟಿಕ್ ಮಾಡ್ತೀವಿ ಅಂತ ಹೊರಟಿತು. ಆಮೇಲೆ ಕೆಸರು ಕೈಬಿಟ್ಟು ಮರದ ಚೂರು, ಹಳೇ ರಟ್ಟಿನ ಕಡೆ ತಿರುಗಿ, ಹೆಸರನ್ನೂ ಆರಿಜಿನ್ ಮೆಟೀರಿಯಲ್ಸ್ ಅಂತ ಬದಲಾಯಿಸಿಕೊಂಡಿತು. ಅಡುಗೆ ಎಣ್ಣೆಯಿಂದ ಪಿಎಚ್‌ಎ ಮಾಡ್ತಿದ್ದ ಡ್ಯಾನಿಮರ್ 2025ರಲ್ಲಿ ದಿವಾಳಿ ಅರ್ಜಿ ಹಾಕಿತು. ಸ್ಟ್ರಾ, ಚಮಚದಲ್ಲಿ ಪೆಟ್ರೋಲಿಯಂ ಪ್ಲಾಸ್ಟಿಕ್ಕಿನ ಬೆಲೆಗೆ ಎದುರು ನಿಲ್ಲೋಕೆ ಹೋದವರು ಉಳಿದದ್ದು ಕಡಿಮೆ.

ಚಿಕ್ಕಪ್ಪ: ನರ್ಸರಿ ಚೀಲ ಮಾಡು. ಸಸಿ ನೆಡುವಾಗ ಕಪ್ಪು ಪಾಲಿಥೀನ್ ಹರಿದು ಅಲ್ಲೇ ಬಿಸಾಡ್ತಾರೆ. ಚೀಲದ ಸಮೇತ ನೆಡೋ ಹಾಗಿದ್ರೆ ಚೆನ್ನ.

ಹುಡುಗಿ: ನಾನೂ ಮೊದಲು ಅದನ್ನೇ ಯೋಚಿಸಿದ್ದು. ಆದರೆ ಸಸಿ ನರ್ಸರಿಯಲ್ಲೇ ಎಷ್ಟೋ ತಿಂಗಳು ಕೂತಿರುತ್ತೆ. ದಿನಾ ನೀರು, ಒದ್ದೆ ಮಣ್ಣು, ಬಿಸಿಲು. ಮಾರೋಕೆ ಮುಂಚೆಯೇ ಚೀಲ ತೂತು ಬಿದ್ದರೆ? ದಪ್ಪ ಮಾಡಿದ್ರೆ ಬೆಲೆ ಏರುತ್ತೆ. ಗೊಬ್ಬರದ ಕಾಳಿಗೆ ಲೇಪನ ಸರಿಹೋಗುತ್ತೆ. ಯೂರಿಯಾ ಒಮ್ಮೆಲೇ ಕರಗಿ ಹರಿದುಹೋಗದ ಹಾಗೆ ಸುತ್ತ ತೆಳ್ಳಗೆ ಪ್ಲಾಸ್ಟಿಕ್ ಹೊದಿಸ್ತಾರಲ್ಲ, ಆ ಹೊದಿಕೆಯನ್ನ ಹೊಲದಿಂದ ವಾಪಸ್ ಆಯ್ದುಕೊಳ್ಳೋಕೆ ಯಾರಿಂದಲೂ ಆಗಲ್ಲ. ಅಲ್ಲಿ ಮಣ್ಣಲ್ಲಿ ಮುಗಿದುಹೋಗೋದೇ ಗುಣ. ಯುರೋಪಿನಲ್ಲಿ 2023ರಲ್ಲಿ ಬೇಕಂತಲೇ ಬೆರೆಸೋ ಮೈಕ್ರೋಪ್ಲಾಸ್ಟಿಕ್ಕಿಗೆ ನಿರ್ಬಂಧ ತಂದಾಗ ಗೊಬ್ಬರದ ಲೇಪನವನ್ನೂ ಸೇರಿಸಿದ್ರು, ಬದಲಾಯಿಸಿಕೊಳ್ಳೋಕೆ ಐದು ವರ್ಷ ಕೊಟ್ಟು. ಅಲ್ಲಿ ಗಿರಾಕಿಗಳು ಬದಲಿ ಲೇಪನ ಹುಡುಕ್ತಿದ್ದಾರೆ.

ಚಿಕ್ಕಪ್ಪ: ಇಲ್ಲಿ 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ. ಅದರ ಅಗ್ಗಕ್ಕೆ ನೀನು ಸಾಟಿಯಾಗಲ್ಲ.

ಹುಡುಗಿ: ಯೂರಿಯಾ ಮೂಟೆಗೆ ಆಗಲ್ಲ. ಹೂವಿನ ತೋಟ, ಪಾಲಿಹೌಸಿನವರು ಕೊಳ್ಳೋ ದುಬಾರಿ ಗೊಬ್ಬರಕ್ಕೆ ಆಗುತ್ತೋ ಏನೋ. ಅದಕ್ಕೂ ಮೊದಲು ಇಲ್ಲಿನ ಕೆಸರು ಎಷ್ಟು ಕೂಡಿಡುತ್ತೆ ಅಂತ ತಿಳೀಬೇಕು. ಐದು ಲೀಟರ್ ಸಿಕ್ಕರೆ ಸಾಕು. ಒಂದು ದಿನ ಅಸಿಟೇಟ್ ಹಾಕಿ ಗಾಳಿ ಊದಿದ್ರೆ ಗೊತ್ತಾಗುತ್ತೆ. ನಿಮ್ಮ ಹಳೇ ಪ್ಲಾಂಟಿನಲ್ಲಿ ಕೊಡ್ತಾರಾ?

ಚಿಕ್ಕಪ್ಪ: ಕೇಳಿದ್ರೆ ಟ್ಯಾಂಕರ್ ತುಂಬ ಬೇಕಾದ್ರೂ ಕೊಡ್ತಾರೆ. ರಿಟರ್ನ್ ಸ್ಲಡ್ಜ್ ಪೈಪಿನಿಂದ ಹಿಡಿ, ಗಟ್ಟಿಯಾಗಿರುತ್ತೆ. ಸೋಮವಾರ ಮಾತ್ರ ಹೋಗಬೇಡ. ಭಾನುವಾರ ರಾತ್ರಿ ಯಾರೂ ಇಲ್ಲದಾಗ ಟ್ಯಾಂಕರಿನವರು ಎಲ್ಲೆಲ್ಲಿಂದಲೋ ತಂದು ಮ್ಯಾನ್‌ಹೋಲಿಗೆ ಸುರೀತಾರೆ, ಕೆಸರು ಚೇತರಿಸಿಕೊಳ್ಳೋಕೆ ಎರಡು ದಿನ ಬೇಕು. ಬುಧವಾರ ಬೆಳಿಗ್ಗೆ ಹೋಗು. ಕ್ಯಾನಿನ ಮುಚ್ಚಳ ಬಿಗಿ ಹಾಕಬೇಡ, ಗ್ಯಾಸಿಗೆ ಕಾರಿನಲ್ಲೇ ಸಿಡಿಯುತ್ತೆ.